ಒಂದೇ ಸೂರಿನಡಿ ಬಾಳುವ ಮುನ್ನ

ನಮ್ಮ ಎರಡನೆಯ ತಲೆಮಾರಿನ ಮಕ್ಕಳು ಓದು ಮುಗಿಸಿ, ಕೆಲಸಕ್ಕೆ ಸೇರಿ, ಅಮೆರಿಕದ ಊರೂರಿಗೆ ಚದುರಿಹೋಗಿದ್ದಾರೆ. ಅವರಲ್ಲೊಬ್ಬರು ಭಾನುವಾರ ಫೋನ್ ಮಾಡಿ, "ಅಮ್ಮಾ, ಮುಂದಿನ ತಿಂಗಳು ನಮ್ಮಿಬ್ಬರ ಲೀಸೂ ಮುಗಿಯುತ್ತೆ. ಒಂದೇ ಅಪಾರ್ಟ್‌ಮೆಂಟ್ ತೊಗೊಳ್ಳೋಣ ಅಂತಿದೀವಿ" ಎನ್ನುತ್ತಾರೆ. ಆಗ ನಮ್ಮಿಂದ ಬರುವ ಉತ್ತರ ಸಾಮಾನ್ಯವಾಗಿ ಎರಡೇ. ಒಂದು, "ಜನ ಏನಂದಾರು?" ಇನ್ನೊಂದು, ನಿಟ್ಟುಸಿರಿನೊಡನೆ, "ನಿಮ್ಮಿಷ್ಟ." ಮೊದಲನೆಯದು ನೆರೆಯವರ ನಾಲಿಗೆಯ ಚಿಂತೆ, ಎರಡನೆಯದು ಕೈ ತೊಳೆದುಕೊಳ್ಳುವ ಮಾತು. ಮದುವೆಗೆ ಮುಂಚೆ ಒಟ್ಟಿಗೆ ಬಾಳುವುದು ಸರಿಯೇ ತಪ್ಪೇ ಎಂಬ ಪ್ರಶ್ನೆಗೆ ಎರಡೂ ಉತ್ತರವಲ್ಲ.

ಪ್ಯೂ ರಿಸರ್ಚ್ ಸೆಂಟರ್ 2019ರಲ್ಲಿ ಪ್ರಕಟಿಸಿದ ವರದಿಯಂತೆ, ಅಮೆರಿಕದಲ್ಲಿ 18ರಿಂದ 44ರ ವಯಸ್ಸಿನವರಲ್ಲಿ ಶೇಕಡಾ 59 ಮಂದಿ ಒಂದಲ್ಲ ಒಂದು ಕಾಲದಲ್ಲಿ ಮದುವೆಯಿಲ್ಲದೆ ಸಂಗಾತಿಯೊಡನೆ ವಾಸಿಸಿದ್ದರು. ಮದುವೆಯಾಗಿದ್ದವರು ಶೇಕಡಾ 50. ಎಲ್ಲರೂ ಮಾಡುತ್ತಾರೆಂದ ಮಾತ್ರಕ್ಕೆ ಅದು ಸರಿಯಾಗುವುದಿಲ್ಲ. ನಮ್ಮ ಪೂರ್ವಿಕರಿಗೆ ಇಂಥದ್ದು ಗೊತ್ತೇ ಇರಲಿಲ್ಲವೆನ್ನುವುದೂ ನಿಜವಲ್ಲ.

ಮನುಸ್ಮೃತಿ ಎಣಿಸುವ ಎಂಟು ಬಗೆಯ ವಿವಾಹಗಳಲ್ಲಿ ಗಾಂಧರ್ವವೂ ಒಂದು. ಗಂಡು ಹೆಣ್ಣು ತಾವೇ ಒಪ್ಪಿ ಕೂಡುವುದು. ಶಕುಂತಲೆಯ ಕಥೆ ನಮಗೆಲ್ಲ ಗೊತ್ತು. ಕಾಳಿದಾಸನ ನಾಟಕದಲ್ಲಿ ದುಷ್ಯಂತ ದೂರ್ವಾಸರ ಶಾಪದಿಂದ ಅವಳನ್ನು ಮರೆಯುತ್ತಾನೆ. ಮಹಾಭಾರತದ ಕಥೆಯಲ್ಲಿ ಶಾಪವೂ ಇಲ್ಲ, ಉಂಗುರವೂ ಇಲ್ಲ. ಮಗನೊಡನೆ ಬಂದವಳನ್ನು ನೋಡಿ, ಎಲ್ಲ ನೆನಪಿದ್ದೂ ರಾಜ ಸಭೆಯಲ್ಲಿ ಅವಳನ್ನು ಅಲ್ಲಗಳೆಯುತ್ತಾನೆ. ಅಶರೀರವಾಣಿಯಾದ ಮೇಲೆಯೇ ಒಪ್ಪಿಕೊಳ್ಳುವುದು. ಅವಳ ಮಾತನ್ನಷ್ಟೇ ನಂಬಿ ಒಪ್ಪಿದ್ದರೆ ಜನ ಸಂದೇಹಪಡುತ್ತಿದ್ದರು ಎಂದು ಆಮೇಲೆ ಕಾರಣ ಹೇಳುತ್ತಾನೆ. ಇಲ್ಲಿ ತೊಂದರೆ ಪ್ರೀತಿಯಲ್ಲಿರಲಿಲ್ಲ. ಕೊಟ್ಟ ಮಾತು ಇಬ್ಬರ ನಡುವೆಯೇ ಉಳಿದದ್ದರಿಂದ, ಒಬ್ಬ ಹಿಂದೆಗೆದಾಗ ಇನ್ನೊಬ್ಬಳ ಪರವಾಗಿ ನಿಲ್ಲುವವರು ಯಾರೂ ಇರಲಿಲ್ಲ.

ವೈದ್ಯನಾಗಿ ಈ ಪ್ರಶ್ನೆಯನ್ನು ನಾನು ಐ.ಸಿ.ಯು. ಬಾಗಿಲಲ್ಲಿ ಕಂಡಿದ್ದೇನೆ. ರೋಗಿಗೆ ಪ್ರಜ್ಞೆಯಿಲ್ಲ. ವೆಂಟಿಲೇಟರ್ ಮುಂದುವರಿಸಬೇಕೇ ಬೇಡವೇ ಎಂದು ಯಾರನ್ನು ಕೇಳುವುದು? ಮದುವೆಯಾಗಿದ್ದರೆ ಸಾಮಾನ್ಯವಾಗಿ ಗಂಡ ಅಥವಾ ಹೆಂಡತಿಗೆ ಮೊದಲ ಸ್ಥಾನ. ಐದು ವರ್ಷ ಒಟ್ಟಿಗಿದ್ದ ಸಂಗಾತಿಗೆ ಯಾವ ಸ್ಥಾನವೆಂಬುದು ರಾಜ್ಯದಿಂದ ರಾಜ್ಯಕ್ಕೆ ಬೇರೆ. ಕೆಲವೆಡೆ ಅವರಿಗಿಂತ ಮುಂಚೆ, ಸಾವಿರಾರು ಮೈಲಿ ದೂರದಲ್ಲಿರುವ ತಂದೆತಾಯಿಗೆ ಫೋನ್ ಹೋಗುತ್ತದೆ. ರೋಗಿಯ ಮನಸ್ಸು ಬಲ್ಲವಳು ಹೊರಗೆ ಕುರ್ಚಿಯಲ್ಲಿ ಕಾಯುತ್ತಿರುತ್ತಾಳೆ. ಹೆಲ್ತ್ ಕೇರ್ ಪ್ರಾಕ್ಸಿ ಎಂಬ ಕಾಗದಕ್ಕೆ ಸಹಿ ಹಾಕಿಟ್ಟಿದ್ದರೆ ಈ ತೊಡಕು ಬಹುಮಟ್ಟಿಗೆ ತಪ್ಪುತ್ತದೆ. ಆದರೆ ಬಾಡಿಗೆ ಉಳಿಸಲೆಂದು ಒಂದಾದವರಿಗೆ ಇದು ಹೊಳೆಯುವುದು ಕಡಿಮೆ.

ಕಾನೂನು ಮೆಲ್ಲಗೆ ಹಿಂದೆ ಬರುತ್ತಿದೆ. ಮದುವೆಯಾಗದೆ ಬಾಳಿದವರು ತಮ್ಮೊಳಗೆ ಮಾಡಿಕೊಂಡ ಒಪ್ಪಂದವನ್ನು ಕೋರ್ಟು ಎತ್ತಿಹಿಡಿಯಬಹುದೆಂದು ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟು 1976ರಲ್ಲಿ, ಮಾರ್ವಿನ್ ಮೊಕದ್ದಮೆಯಲ್ಲಿ ಹೇಳಿತು. ಭಾರತದಲ್ಲಿ 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ ಮದುವೆಯಂಥ ಸಂಬಂಧದಲ್ಲಿರುವ ಹೆಣ್ಣಿಗೂ ರಕ್ಷಣೆ ಕೊಟ್ಟಿತು. ವಯಸ್ಕರಿಬ್ಬರು ಒಪ್ಪಿ ಜೊತೆಗಿರುವುದು ಅಪರಾಧವಲ್ಲವೆಂದು ಅಲ್ಲಿನ ಸುಪ್ರೀಂ ಕೋರ್ಟು 2010ರಲ್ಲಿ ಹೇಳಿತು. ಅಪರಾಧವಲ್ಲ ಎಂದಾಕ್ಷಣ ಹೊಣೆಯಿಲ್ಲ ಎಂದಾಗುವುದಿಲ್ಲ.

"ಓಡಿಸಿ ನೋಡದೆ ಯಾರಾದರೂ ಕಾರು ಕೊಳ್ಳುತ್ತಾರಾ?" ಎಂದು ಮಕ್ಕಳು ಕೇಳುತ್ತಾರೆ. ಹೆಣ್ಣು ನೋಡುವ ಶಾಸ್ತ್ರದಲ್ಲಿ ಅರ್ಧ ಗಂಟೆ, ಉಪ್ಪಿಟ್ಟು ಕಾಫಿಯ ನಡುವೆ ಜೀವನ ನಿರ್ಧರಿಸಿದ ನಾವು ಈ ಮಾತಿಗೆ ನಗುವ ಹಾಗಿಲ್ಲ. ಆದರೆ ವಾಪಸು ಕೊಟ್ಟ ಕಾರಿಗೆ ನೋವಿಲ್ಲ. ಹೊಸ ಔಷಧಿಯನ್ನು ಪರೀಕ್ಷಿಸುವಾಗಲೂ, ಇದು ಪರೀಕ್ಷೆ ಎಂದು ಮೊದಲೇ ತಿಳಿಸಿ ಒಪ್ಪಿಗೆ ಪಡೆಯಬೇಕು. ಒಬ್ಬರು ಪರೀಕ್ಷೆ ಎಂದುಕೊಂಡು, ಇನ್ನೊಬ್ಬರು ಇದೇ ಮದುವೆಯ ಮೊದಲ ಮೆಟ್ಟಿಲು ಎಂದುಕೊಂಡು ಒಂದೇ ಮನೆ ಸೇರಿದರೆ, ಅಲ್ಲಿ ಒಪ್ಪಿಗೆಯೇ ಆಗಿಲ್ಲ. ನನ್ನ ದೃಷ್ಟಿಯಲ್ಲಿ ತಪ್ಪು ಇರುವುದು ಇಲ್ಲಿ.

ಸ್ಕಾಟ್ ಸ್ಟ್ಯಾನ್ಲಿ ಮತ್ತು ಸಂಗಡಿಗರು 2006ರ ಲೇಖನವೊಂದರಲ್ಲಿ ಹೇಳಿದ್ದೂ ಇದಕ್ಕೆ ಹತ್ತಿರ. ಅನೇಕರು ಒಟ್ಟು ವಾಸವನ್ನು ನಿರ್ಧರಿಸುವುದಿಲ್ಲ, ಅದರೊಳಕ್ಕೆ ಜಾರುತ್ತಾರೆ. ಆಮೇಲೆ ಲೀಸು, ಸಾಮಾನು, ನಾಯಿಮರಿಗಳ ಗಂಟಿನಿಂದ ಹೊರಬರುವುದು ಕಷ್ಟವಾಗಿ, ಅದೇ ಭಾರದಲ್ಲಿ ಮದುವೆಗೂ ಜಾರುತ್ತಾರೆ. ಜೊತೆಗಿದ್ದು ಮದುವೆಯಾದವರಲ್ಲಿ ವಿಚ್ಛೇದನ ಹೆಚ್ಚೆಂಬ ಹಳೆಯ ಮಾತನ್ನು ಏರಿಯೆಲ್ ಕೂಪರ್‌ಬರ್ಗ್ 2014ರಲ್ಲಿ ಮತ್ತೆ ತೂಗಿ ನೋಡಿ, ಎಷ್ಟು ಎಳೆಯ ವಯಸ್ಸಿನಲ್ಲಿ ಒಂದಾದರು ಎಂಬುದೇ ಮುಖ್ಯವೆಂದು ತೋರಿಸಿದರು. ಆದ್ದರಿಂದ ಅಂಕಿ ಅಂಶ ತೋರಿಸಿ ಮಕ್ಕಳನ್ನು ಹೆದರಿಸುವುದು ಬೇಡ.

ಮನೆ ಸೇರುವ ಮುನ್ನ ಇಬ್ಬರೂ ಬಾಯಿಬಿಟ್ಟು ಮಾತಾಡಿಕೊಳ್ಳಲಿ. ಇದು ನಿನಗೇನು, ನನಗೇನು? ಒಬ್ಬರ ಕೆಲಸ ಹೋದರೆ, ಕಾಯಿಲೆ ಬಿದ್ದರೆ, ಮಗುವಾದರೆ ಏನು ಮಾಡುವೆವು? ಬಿಡುವ ಕಾಲ ಬಂದರೆ ಯಾರು ಎಲ್ಲಿಗೆ ಹೋಗುವುದು? ಹೀಗೆ ಕೇಳಲು ಸಂಕೋಚವಾದರೆ ಇನ್ನೂ ಹೊತ್ತಾಗಿಲ್ಲ ಎಂದೇ ಅರ್ಥ. ಮಾತಾಡಿದ ಮೇಲೆ ತಂದೆತಾಯಿಗೂ ತಿಳಿಸಲಿ. ಅನುಮತಿಗೆಂದಲ್ಲ, ಸಾಕ್ಷಿಗೆಂದು.

ಸಾಕ್ಷಿಯಾಗಲು ನಾವೂ ತಯಾರಿರಬೇಕು. ಅಪ್ಪ ಅಮ್ಮ ಬರುವ ವಾರ ಒಬ್ಬರ ಬಟ್ಟೆ, ಚಪ್ಪಲಿ, ಫೋಟೋಗಳೆಲ್ಲ ಪೆಟ್ಟಿಗೆ ಸೇರಿ ಸ್ನೇಹಿತರ ಗ್ಯಾರೇಜಿಗೆ ಹೋಗುವ ಮನೆಗಳಿವೆ. ಹಾಗೆ ಬಚ್ಚಿಡಲ್ಪಟ್ಟವನು ಅಥವಾ ಬಚ್ಚಿಡಲ್ಪಟ್ಟವಳು ಮುಂದೆ ನಮ್ಮ ಅಳಿಯನೋ ಸೊಸೆಯೋ ಆದರೆ ಆ ವಾರವನ್ನು ಮರೆಯುತ್ತಾರೆಯೇ? ನಮಗೆ ಒಪ್ಪಿಗೆಯಿಲ್ಲದಿದ್ದರೆ ಒಮ್ಮೆ ಸ್ಪಷ್ಟವಾಗಿ ಹೇಳೋಣ; ಅದು ನಮ್ಮ ಹಕ್ಕು. ಹೇಳಿದ ಮೇಲೆ ಬಾಗಿಲು ಹಾಕಿಕೊಳ್ಳುವುದು ಬೇಡ. ಸಂಬಂಧ ಮುರಿದ ದಿನ ಆ ಹುಡುಗಿ ಸೂಟ್‌ಕೇಸ್ ಹಿಡಿದು ಬರಬೇಕಾದದ್ದು ಅದೇ ಬಾಗಿಲಿಗೆ.

ಇದನ್ನು ಒಪ್ಪದವರು ನಮ್ಮಲ್ಲಿ ಅನೇಕರಿದ್ದಾರೆಂದು ಬಲ್ಲೆ. ಅವರು, ಮುಖ್ಯವಾಗಿ ನಮ್ಮ ಯುವಕ ಯುವತಿಯರು, ಮುಂದಿನ ಸಂಚಿಕೆಗೆ ಬರೆದರೆ ಸಂತೋಷ.