ಎದುರಾಳಿಯ ಗುರುತು

ನಮ್ಮ ಮಲೆನಾಡಿನ ಎಷ್ಟೋ ಅಡಿಕೆ ತೋಟಗಳ ಬೇಲಿಯಲ್ಲಿ ಒಂದು ಫಲಕವನ್ನು ಕಾಣಬಹುದು: ಇಲ್ಲಿ ಸಿಗಂದೂರು ಚೌಡೇಶ್ವರಿ ದೇವಿಯ ಕಾವಲಿದೆ ಎಂದು. ನಾಯಿಗೆ ಹೆದರದ ಕಳ್ಳ ಆ ಒಂದು ಸಾಲಿಗೆ ಹೆದರುತ್ತಾನೆ. ತಗಡಿಗೆ ಆ ಬಲ ಬಂದುದು ಬರೆದವನಿಂದಲ್ಲ, ಓದುವವನಿಂದ.

ಈಚೆಗೆ ಅಕ್ಕನ ಮನೆಯವರೊಡನೆ ಸಿಗಂದೂರಿಗೆ ಹೋಗಿದ್ದೆ. ಲಾಂಚಿಗಾಗಿ ಕಾಯುವ ಕಷ್ಟ ಈಗಿಲ್ಲ. 2025ರ ಜುಲೈಯಲ್ಲಿ ಶರಾವತಿ ಹಿನ್ನೀರಿನ ಮೇಲಣ ಸೇತುವೆ ತೆರೆಯಿತು. (ಲಾಂಚಿನ ಮೇಲೆ ಬಸ್ಸೂ ನಾವೂ ಒಟ್ಟಿಗೆ ತೇಲುತ್ತಿದ್ದ ಸುಖವೂ ಈಗಿಲ್ಲ.) ದಾರಿಯಲ್ಲಿ ಅಂಥದೊಂದು ಫಲಕವನ್ನು ಕಂಡು ಅಕ್ಕನ ಮಗ, "ಮಾವ, ಇದೂ ಒಂದು ಡಿಕಾಲೇ" ಎಂದ. ನಾನು ಸುಮ್ಮನಾದೆ. ಹಿಂದಿನ ರಾತ್ರಿಯಷ್ಟೇ ಡಿಕಾಲಿನ ವಿಷಯದಲ್ಲಿ ನಮಗಿಬ್ಬರಿಗೂ ಜಗಳವಾಗಿತ್ತು.

ಹುಡುಗ ಯುದ್ಧವಿಮಾನಗಳ ಪುಟ್ಟ ಮಾದರಿಗಳನ್ನು ಜೋಡಿಸುತ್ತಾನೆ, ನಿಜವಾದ ವಿಮಾನದ ಎಪ್ಪತ್ತೆರಡನೆಯ ಒಂದು ಪಾಲು. ಪೆಟ್ಟಿಗೆಯೊಳಗೆ ಬರುವುದು ತಯಾರಕರು ಆರಿಸಿದ ದೇಶದ ಗುರುತುಗಳು; ಬೇರೆ ದೇಶದವು ಬೇಕೆಂದರೆ ಬೇರೆ ಹಾಳೆ ಕೊಳ್ಳಬೇಕು. ಕತ್ತರಿಸಿ ನೀರಿನಲ್ಲಿ ನೆನೆಸಿದರೆ ಚಿತ್ರ ಕಾಗದದಿಂದ ಜಾರುತ್ತದೆ. ಅದನ್ನು ಕುಂಚದ ತುದಿಯಿಂದ ರೆಕ್ಕೆಯ ಮೇಲೆ ಕೂರಿಸುವುದು. ಅಲ್ಲಿಯವರೆಗೆ ಅದು ಬರಿಯ ಪ್ಲಾಸ್ಟಿಕ್ಕು. ಆಮೇಲೆ ನಮ್ಮದು, ಇಲ್ಲವೇ ಅವರದು.

ಮೇಜಿನ ಮೇಲೆ ಎರಡು ವಿಮಾನಗಳಿದ್ದುವು. ಫ್ರಾನ್ಸಿನ ಮಿಸ್ಟೇರಿಗೆ ನಮ್ಮ ಕೇಸರಿ, ಬಿಳಿ, ಹಸಿರಿನ ವೃತ್ತ ಬಿದ್ದಾಗಿತ್ತು. ಅಮೆರಿಕದ ಸ್ಟಾರ್‌ಫೈಟರಿನ ಬಾಲಕ್ಕಾಗಿ ನೀರಿನ ಬಟ್ಟಲಲ್ಲಿ ನೆನೆಯುತ್ತಿದ್ದುದು ಪಾಕಿಸ್ತಾನದ ಚಂದ್ರ-ನಕ್ಷತ್ರ. "ಅದು ಈ ಮನೆಯಲ್ಲಿ ಬೇಡ, ಅದನ್ನು ಬೋಳಾಗಿ ಬಿಡು" ಎಂದೆ. ಅವನು ತಲೆಯೆತ್ತದೆ, "ಹಾಗಾದರೆ ದೇವಯ್ಯನವರು ಹೊಡೆದದ್ದು ಯಾರನ್ನು, ಮಾವ?" ಎಂದ.

ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ 1965ರ ಸೆಪ್ಟೆಂಬರ್ 7ರಂದು ಸರ್ಗೋಧಾದ ದಾಳಿಗೆ ಮಿಸ್ಟೇರಿನಲ್ಲಿ ಹೋದವರು. ಶಬ್ದದ ಎರಡರಷ್ಟು ವೇಗದಲ್ಲಿ ಹಾರಬಲ್ಲ ಸ್ಟಾರ್‌ಫೈಟರಿನಿಂದ ಪೆಟ್ಟು ತಿಂದೂ ತಿರುಗಿಬಿದ್ದು ಅದನ್ನು ಕೆಡವಿದರು; ತಾವು ಮರಳಲಿಲ್ಲ. ನಮ್ಮ ಕಡೆ ಅದನ್ನು ಕಂಡು ಹೇಳುವವರಿರಲಿಲ್ಲ. ಆದದ್ದು ಬೆಳಕಿಗೆ ಬಂದುದು, ಪಾಕಿಸ್ತಾನದ ವಾಯುಪಡೆಯ ಕಡೆಯಿಂದ ಆ ಯುದ್ಧವನ್ನು ಬರೆದ ಜಾನ್ ಫ್ರಿಕರ್ ಎಂಬ ಇಂಗ್ಲಿಷ್ ಲೇಖಕನ 1979ರ ಪುಸ್ತಕದಿಂದ. ಮಹಾವೀರ ಚಕ್ರ ಬಂದುದು 1988ರಲ್ಲಿ. ನಮ್ಮ ವೀರನಿಗೆ ಸಾಕ್ಷಿ ದೊರೆತದ್ದು ಎದುರು ಪಾಳೆಯದಲ್ಲಿ!

ನಾನು ತರಗತಿಯಲ್ಲಿ ರನ್ನನ ಗದಾಯುದ್ಧವನ್ನು ಪಾಠ ಹೇಳುವವನು. ತನ್ನ ದೊರೆಯನ್ನು ಭೀಮನಿಗೆ ಹೋಲಿಸಿದ ಕವಿ ದುರ್ಯೋಧನನನ್ನು ಕುಗ್ಗಿಸಲಿಲ್ಲವೆಂದು ವರ್ಷ ವರ್ಷವೂ ಗಂಟಲು ಕಟ್ಟುವಷ್ಟು ಹೊಗಳುತ್ತೇನೆ. ಮನೆಯಲ್ಲಿ ಉಗುರಿಗಿಂತ ಚಿಕ್ಕ ಚಂದ್ರನೊಂದನ್ನು ಸಹಿಸಲಾರದೆ ಹೋದೆ.

ಆದರೂ ಒಂದು ಮಾತು ಉಳಿಯುತ್ತದೆ. ಆ ಮನೆಯಲ್ಲಿ ಯುದ್ಧದಲ್ಲಿ ಮಗನನ್ನು ಕಳೆದುಕೊಂಡ ತಾಯಿಯೊಬ್ಬಳಿದ್ದಿದ್ದರೆ? ಅವಳ ಮುಂದೆ ಈ ನ್ಯಾಯವನ್ನೆಲ್ಲ ನಾನು ಆಡುತ್ತಿದ್ದೆನೇ? ಗುರುತಿನ ಬಲ ಓದುವವನದೆಂದ ಮೇಲೆ ಅದರ ನೋವೂ ಅವನದೇ. ಹುಡುಗನ ಪ್ರಶ್ನೆಗೆ ನಾನು ಸೋತೆ. ಈ ಪ್ರಶ್ನೆಗೆ ಉತ್ತರ ಅವನಲ್ಲೂ ಇರಲಿಲ್ಲ. "ಅವರು ಬಂದಾಗ ಕಪಾಟಿನಲ್ಲಿಡೋಣ" ಎಂದ.

ಸಿಗಂದೂರಿನಿಂದ ಮರಳಿದ ಸಂಜೆ ಮತ್ತೆ ಮೇಜಿನ ಮುಂದೆ ಕೂತೆವು. ಮೊದಲು ನೆನೆಸಿದ್ದ ಚಂದ್ರ ನಮ್ಮ ಜಗಳದ ನಡುವೆ ಮುದುಡಿ ಹಾಳಾಗಿತ್ತು, ಹಾಳೆಯಲ್ಲಿ ಇನ್ನೊಂದಿತ್ತು. ಕುಂಚ ಅವನದು, ಬಟ್ಟಲು ಹಿಡಿಯುವ ಕೆಲಸ ನನ್ನದು. ಬಾಲದ ಮೇಲೆ ಅದು ಕೊಂಚ ಓರೆಯಾಗಿ ಕೂತಿತು. ಸರಿಪಡಿಸು ಎಂದವನು ನಾನೇ.