ಎಲ್ಲಾ ನೋವೂ ಬಗ್ ಅಲ್ಲ

ನಮ್ಮ ಸಾಫ್ಟ್‌ವೇರ್ ಮಂದಿಗೆ ಒಂದು ಚಟ. ಏನೇ ಎದುರಾದ್ರೂ ಅದನ್ನ ಬಗ್ ಅಂದ್ಕೊಂಡು ಫಿಕ್ಸ್ ಹುಡುಕ್ತೀವಿ. ಅಪ್ಪ ತೀರಿಕೊಂಡ ವರ್ಷ ಕೌನ್ಸೆಲರ್ ಹತ್ತಿರ ಹೋದಾಗಲೂ ಕೇಳಿದ್ದು ಅದನ್ನೇ: "ಎಷ್ಟು ಸೆಷನ್‌ನಲ್ಲಿ ಸರಿಹೋಗುತ್ತೆ ಮೇಡಂ?"

"ಯಾವುದು ಸರಿಹೋಗಬೇಕು?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಅಸ್ತಿತ್ವವಾದ ಚಿಕಿತ್ಸೆಯ ಕೋಣೆಗೆ ತಂದದ್ದು ಇಂಥ ಪ್ರಶ್ನೆಗಳನ್ನ. ಅಮೆರಿಕದ ಮನೋವೈದ್ಯ ಇರ್ವಿನ್ ಯಾಲೊಮ್ 1980ರ ತಮ್ಮ ಪುಸ್ತಕದಲ್ಲಿ ನಾಲ್ಕು ಮೂಲ ಕಳವಳಗಳನ್ನ ಹೆಸರಿಸುತ್ತಾರೆ: ಸಾವು, ಸ್ವಾತಂತ್ರ್ಯ, ಒಂಟಿತನ, ಅರ್ಥಹೀನತೆ. ಇವು ಕಾಯಿಲೆಗಳಲ್ಲ, ಮನುಷ್ಯನಾಗಿ ಹುಟ್ಟಿದ್ದರ ಷರತ್ತುಗಳು.

ನಾಜಿ ಶಿಬಿರಗಳಿಂದ ಬದುಕಿ ಬಂದ ವಿಯೆನ್ನಾದ ವಿಕ್ಟರ್ ಫ್ರಾಂಕಲ್ ಒಂದು ಪ್ರಸಂಗ ಬರೆದಿದ್ದಾರೆ. ಹೆಂಡತಿ ಸತ್ತು ಎರಡು ವರ್ಷವಾದರೂ ಚೇತರಿಸಿಕೊಳ್ಳದ ವೃದ್ಧ ಡಾಕ್ಟರೊಬ್ಬರು ಬಂದರು. ಮೊದಲು ನೀವೇ ಹೋಗಿದ್ದರೆ ಅವರಿಗೆ ಹೇಗಾಗುತ್ತಿತ್ತು ಅಂತ ಫ್ರಾಂಕಲ್ ಕೇಳಿದರು. ಬಹಳ ಸಂಕಟಪಡುತ್ತಿದ್ದಳು, ಅಂದರು ಆತ. ಆ ಸಂಕಟವನ್ನ ಆಕೆಗೆ ತಪ್ಪಿಸಿದವರು ನೀವು, ಅಂದರು ಫ್ರಾಂಕಲ್. ಆತ ಕೈಕುಲುಕಿ ಹೊರಟುಹೋದರು. ನಷ್ಟ ಹಾಗೇ ಇತ್ತು. ಆದರೆ ಅದೀಗ ಹೆಂಡತಿಗಾಗಿ ಹೊತ್ತ ಭಾರ.

ಸಾವಿನ ಮನೆಯಲ್ಲಿ ನೆಂಟರೂ "ಎಲ್ಲಾ ದೇವರಿಚ್ಛೆ" ಅಂತ ಅರ್ಥ ಹೇಳ್ತಾರಲ್ಲ, ವ್ಯತ್ಯಾಸವೇನು? ಅದು ಹೊರಗಿನಿಂದ ಹೊದಿಸಿದ ಉತ್ತರ. ಫ್ರಾಂಕಲ್ ಮೊದಲು ಕೇಳಿದರು; ಉತ್ತರದ ಬೀಜ ಆ ಮನುಷ್ಯನ ಬಾಯಿಂದಲೇ ಬಂತು. ಹಾಗಂತ ಮಾತ್ರೆ ಬೇಕಾದವರಿಗೆ ತತ್ವ ಹೇಳಿ ಕಳಿಸೋದು ಅನ್ಯಾಯವೇ.

ಆರನೇ ಸೆಷನ್‌ನಲ್ಲಿ ನಾನೂ ಉತ್ತರ ಹೇಳಿದೆ: "ದುಃಖ ಹೋಗೋದು ಬೇಡ ಮೇಡಂ. ಅದನ್ನ ಇಟ್ಕೊಂಡೇ ಬದುಕೋಕೆ ಬಂದ್ರೆ ಸಾಕು."