ಆನೆಯನ್ನು ಮುಟ್ಟಿಯೂ ಸುಳ್ಳು ಹೇಳಿದವನು

ಟಿ.ವಿ. ಚರ್ಚೆಯಲ್ಲಿ ವಾದ ಕೈತಪ್ಪುತ್ತಿದೆ ಅನ್ನಿಸಿದವರು ಅನೇಕಾಂತವಾದವನ್ನು ಎಳೆದು ತರುವುದು ಈಗ ರೂಢಿಯಾಗಿದೆ. ಕುರುಡರು ಆನೆ ಮುಟ್ಟಿದ ಕಥೆ ಒಂದು ಸುತ್ತು ಬರುತ್ತದೆ, ‘ಅವರವರ ಸತ್ಯ ಅವರವರಿಗೆ’ ಎಂಬ ಸಮಾಧಾನದ ಮಾತು ಬೀಳುತ್ತದೆ, ನಿರೂಪಕರು ಜಾಹೀರಾತಿಗೆ ಹೋಗುತ್ತಾರೆ. ಪೂರ್ವಜರ ಕುರಿತ ಜಗಳಗಳಲ್ಲಂತೂ ಈ ಮಾತಿಗೆ ಎಲ್ಲಿಲ್ಲದ ಬೇಡಿಕೆ. ನಮ್ಮ ಮೂಲಪುರುಷ ಯಾರು, ಅವನನ್ನು ಕೊಂದವರು ಯಾರು, ಅವನು ಯಾರನ್ನು ಕೊಂದ ಎಂಬ ಪ್ರಶ್ನೆ ಬಿಸಿಯೇರಿದ ಕೂಡಲೇ ಯಾರೋ ಒಬ್ಬರು ಆನೆಯನ್ನು ಒಳಗೆ ಬಿಡುತ್ತಾರೆ. ಜೈನ ದಾರ್ಶನಿಕರು ತಲೆಮಾರುಗಟ್ಟಲೆ ಕೂತು ಹದಗೊಳಿಸಿದ ಒಂದು ತತ್ತ್ವ ಹೀಗೆ ಲೆಕ್ಕ ಕೇಳದೆ ಬಾಕಿ ಮನ್ನಾ ಮಾಡುವ ಉಪಾಯವಾಗಿ ಉಳಿದಿದೆ. ಆ ತತ್ತ್ವ ನಿಜವಾಗಿ ಏನು ಹೇಳುತ್ತದೆ ಎಂದು ವಿವರಿಸಲು ನಮ್ಮ ನಡುವಿನ ಯಾವುದಾದರೂ ಪೂರ್ವಜನನ್ನು ಎತ್ತಿಕೊಂಡರೆ ಓದುವವರ ಅರ್ಧ ಗಮನ ತಮ್ಮವನ ಮಾನ ಕಾಯುವುದರಲ್ಲೇ ಕಳೆದುಹೋದೀತು. ಆದ್ದರಿಂದ ಇಲ್ಲಿ ಯಾರ ವಂಶಕ್ಕೂ ಸೇರದ ಪೂರ್ವಜನೊಬ್ಬನನ್ನು ಆರಿಸಿಕೊಂಡಿದೆ. ಹೆಸರು ನೆರೆವಾರ್, ಇರುವುದು ಒಂದು ಕಂಪ್ಯೂಟರ್ ಆಟದೊಳಗೆ.

ಅಮೆರಿಕದ ಬೆಥೆಸ್ಡಾ ಕಂಪನಿ 2002ರಲ್ಲಿ ಹೊರತಂದ ‘ಮೊರೋವಿಂಡ್’, ‘ಎಲ್ಡರ್ ಸ್ಕ್ರೋಲ್ಸ್’ ಸರಣಿಯ ಮೂರನೆಯ ಆಟ. ಆಡುವವರು ಹೆಸರಿಲ್ಲದ ಕೈದಿಯಾಗಿ ಸೇಡಾ ನೀನ್ ಎಂಬ ಸಣ್ಣ ಬಂದರಿನಲ್ಲಿ ಹಡಗಿಳಿಯುತ್ತಾರೆ. ಆ ನಾಡಿನ ಸತ್ತ ವೀರನೊಬ್ಬ ತಮ್ಮ ರೂಪದಲ್ಲಿ ಮರಳಿ ಹುಟ್ಟಿದ್ದಾನೆಂಬ ಭವಿಷ್ಯವಾಣಿಗೆ ನಿಧಾನವಾಗಿ ಕೊರಳೊಡ್ಡುತ್ತಾರೆ. ಆ ವೀರನೇ ನೆರೆವಾರ್. ಅಲ್ಲಿನ ಡನ್ಮರ್ ಜನರಿಗೆ ಪೂರ್ವಜರೆಂದರೆ ದೇವರ ಸಮಾನ. ದಾರಿಯುದ್ದಕ್ಕೂ ಮನೆತನಗಳ ಗೋರಿಗಳಿವೆ, ಗೋರಿಗಳಲ್ಲಿ ಕಾವಲಿಗೆ ಹಿರಿಯರ ಪ್ರೇತಗಳಿವೆ. ಆ ಹಿರಿಯರಿಗೆಲ್ಲ ಹಿರಿಯನಾದ ನೆರೆವಾರ್ ಒಡೆದ ಕುಲಗಳನ್ನು ಒಂದು ಬಾವುಟದ ಕೆಳಗೆ ತಂದ ದಳಪತಿ. ಆಟದ ಕಾಲಗಣನೆಯಲ್ಲಿ ಮೊದಲ ಯುಗದ 700ನೇ ವರ್ಷ ಕೆಂಪುಬೆಟ್ಟದಲ್ಲಿ ಡ್ವೆಮರ್ ಜನರೊಂದಿಗೆ ಯುದ್ಧವಾಯಿತು; ಡ್ವೆಮರ್ ಜನಾಂಗವೇ ಕಣ್ಮರೆಯಾಯಿತು; ನೆರೆವಾರ್ ಸತ್ತ. ಅವನ ಹೆಂಡತಿ ಅಲ್ಮಲೆಕ್ಸಿಯಾ, ಅವನ ಮಂತ್ರಾಲೋಚನೆಯ ಸಂಗಾತಿಗಳಾದ ಸೋಥಾ ಸಿಲ್ ಮತ್ತು ವಿವೆಕ್ ಮುಂದೆ ಬದುಕಿರುವ ದೇವರುಗಳಾದರು, ಅವರ ಹೆಸರಿನಲ್ಲಿ ದೇವಾಲಯ ಎದ್ದಿತು. ನೆರೆವಾರ್ ಹೇಗೆ ಸತ್ತ ಎಂದು ಆಟ ಎಲ್ಲಿಯೂ ತೋರಿಸುವುದಿಲ್ಲ. ಅಲ್ಲಲ್ಲಿ ಕಪಾಟುಗಳಲ್ಲಿ ಸಿಗುವ ಪುಸ್ತಕಗಳನ್ನು ಓದಿ ಆಡುವವರೇ ಊಹಿಸಬೇಕು, ಆ ಪುಸ್ತಕಗಳೋ ಒಂದು ಇನ್ನೊಂದಕ್ಕೆ ಹೊಂದುವುದಿಲ್ಲ.

ದೇವಾಲಯದ ಕಥೆ ಸರಳ. ನೆರೆವಾರ್ ಯುದ್ಧದ ಗಾಯಗಳಿಂದ ಸತ್ತ. ಮೂವರೂ ಅವನಿಗಾಗಿ ಅತ್ತರು. ದೈವತ್ವ ಬಂದದ್ದು ಆಮೇಲೆ. ಭಿನ್ನಮತದ ಅರ್ಚಕನೊಬ್ಬನಿಗೆ ವಿವೆಕ್ ಇದನ್ನೇ ಸ್ವತಃ ಹೇಳುವಾಗ, ಅಷ್ಟು ಹಿಂದಿನದು ಯಾರಿಗೆ ತಾನೆ ನಿಚ್ಚಳವಾಗಿ ನೆನಪಿದ್ದೀತು ಎಂಬ ಧಾಟಿಯಲ್ಲಿ ಮಾತು ತೆಗೆಯುತ್ತಾನೆ. ಬೂದಿಯ ಬಯಲಿನಲ್ಲಿ ದನಕಾಯುವ ಆಶ್‌ಲ್ಯಾಂಡರ್ ಅಲೆಮಾರಿಗಳು ಹೇಳುವ ಕಥೆ ಬೇರೆ. ಅಜುರಾ ದೇವಿಯನ್ನು ಆವಾಹಿಸುವ ಪೂಜೆಗೆ ಕೂತ ನೆರೆವಾರ್‌ಗೆ ಅಲ್ಮಲೆಕ್ಸಿಯಾ ವಿಷದ ಮೇಣದಬತ್ತಿ ಹಚ್ಚಿಟ್ಟಳು, ಸೋಥಾ ಸಿಲ್ ವಿಷ ಸವರಿದ ನಿಲುವಂಗಿ ತೊಡಿಸಿದ, ವಿವೆಕ್ ವಿಷ ಬೆರೆತ ಮಂತ್ರ ಹೇಳಿದ. ದೇವಿ ಪ್ರತ್ಯಕ್ಷಳಾಗಿ ಶಪಿಸಿದಳು. ಅಂದಿನಿಂದ ಡನ್ಮರ್ ಜನರ ಮೈ ಬೂದಿಬಣ್ಣಕ್ಕೆ, ಕಣ್ಣು ಕೆಂಪಿಗೆ ತಿರುಗಿತು. ಈ ಕಥೆಯನ್ನು ತಂದವನು ನೆರೆವಾರ್‌ನ ಗುರಾಣಿ ಹಿಡಿದು ನಡೆದ ಅಲಾಂಡ್ರೋ ಸುಲ್. ಒಡೆಯ ಸತ್ತ ಮೇಲೆ ಅವನು ಅಲೆಮಾರಿಗಳ ನಡುವೆ ಬಂದು ನೆಲೆಸಿದ. ಅವರಲ್ಲೂ ಕಥೆಗೆ ಹತ್ತಾರು ಪಾಠಾಂತರಗಳಿವೆ, ಆದರೆ ಕೊಲೆ ನಡೆಯಿತು ಎಂಬ ತಿರುಳು ಯಾವುದರಲ್ಲೂ ತಪ್ಪುವುದಿಲ್ಲ. ಈ ಎರಡು ಕಥೆಗಳನ್ನು ಮುಂದಿಟ್ಟುಕೊಂಡ ಅನೇಕ ಆಟಗಾರರು ಎರಡೂ ನಿಜ, ಅದೇ ಈ ಆಟದ ದೊಡ್ಡತನ ಎನ್ನುತ್ತಾರೆ. ನಮ್ಮ ಟಿ.ವಿ.ಯ ಅನೇಕಾಂತಿಗಳೂ ಬಹುಶಃ ಅದನ್ನೇ ಹೇಳಿಯಾರು.

ಅನೇಕಾಂತ ಹೇಳುವುದು ಬೇರೆ. ವಸ್ತುವಿಗೆ ಲೆಕ್ಕವಿಲ್ಲದಷ್ಟು ಧರ್ಮಗಳು, ಅಂದರೆ ಗುಣಲಕ್ಷಣಗಳು. ಮಾತಿಗೆ ಒಮ್ಮೆಗೆ ಒಂದನ್ನಷ್ಟೇ ಎತ್ತಿ ತೋರಿಸಲು ಸಾಧ್ಯ. ಹಾಗೆ ಒಂದು ಮಗ್ಗುಲಿನಿಂದ ಹೇಳಿದ ಮಾತಿಗೆ ‘ನಯ’ ಎಂದು ಹೆಸರು. ಹಳಗನ್ನಡದ ಜೈನ ಕವಿಗಳು ಕಾವ್ಯ ತೊಡಗುವಾಗ ಪೂಜ್ಯಪಾದ, ಕವಿಪರಮೇಷ್ಠಿಗಳ ಜೊತೆಗೆ ಭಕ್ತಿಯಿಂದ ನೆನೆಯುವ ಸಮಂತಭದ್ರರು ‘ಆಪ್ತಮೀಮಾಂಸೆ’ಯಲ್ಲಿ ಇದಕ್ಕೊಂದು ಉದಾಹರಣೆ ಕೊಡುತ್ತಾರೆ, ಆನೆಯ ಕಥೆಗಿಂತ ಅದು ಎಷ್ಟೋ ಮೇಲು. ಚಿನ್ನದ ಕೊಡವೊಂದನ್ನು ಕರಗಿಸಿ ಕಿರೀಟ ಮಾಡುತ್ತಾರೆ. ಕೊಡ ಬೇಕಿದ್ದವನಿಗೆ ದುಃಖ, ಕಿರೀಟ ಬೇಕಿದ್ದವನಿಗೆ ಸಂತೋಷ, ಚಿನ್ನ ಬೇಕಿದ್ದವನಿಗೆ ಎರಡೂ ಇಲ್ಲ. ಮೂವರ ಮನಃಸ್ಥಿತಿಗೂ ಕಾರಣವಿದೆ. ಯಾಕೆಂದರೆ ನಾಶ, ಹುಟ್ಟು, ಉಳಿವು ಮೂರೂ ಆ ಒಂದೇ ವಸ್ತುವಿನಲ್ಲಿ ನಿಜವಾಗಿಯೂ ಇವೆ. ಇಲ್ಲಿ ಗಮನಿಸಬೇಕಾದದ್ದು, ಮೂವರೂ ಕುಲುಮೆಯ ಮುಂದೆ ನಡೆದ ಸಂಗತಿಯ ಬಗ್ಗೆ ಜಗಳವಾಡುತ್ತಿಲ್ಲ. ಕೊಡ ಕರಗಿತೆಂಬುದನ್ನು ಅತ್ತವನೂ ಒಪ್ಪುತ್ತಾನೆ, ನಕ್ಕವನೂ ಒಪ್ಪುತ್ತಾನೆ. ಕೊಡ ಕರಗಲೇ ಇಲ್ಲ ಎನ್ನುವ ನಾಲ್ಕನೆಯವನೊಬ್ಬ ಬಂದರೆ ಅವನಿಗೆ ಕೊಡಲು ಸಮಂತಭದ್ರರ ಬಳಿ ನಾಲ್ಕನೆಯ ನಯವಿಲ್ಲ.

ಇದೇ ಮಾತನ್ನು, ಅನೇಕಾಂತವನ್ನು ಮಾತಿಗಿಳಿಸುವ ಸ್ಯಾದ್ವಾದದ ಸೂತ್ರ ಇನ್ನೂ ಬಿಗಿಯಾಗಿ ಹೇಳುತ್ತದೆ. ಅದರ ಮೊದಲ ಭಂಗದ, ಅಂದರೆ ಹೇಳಿಕೆಯ ಮೊದಲ ಮಾದರಿಯ, ಪೂರ್ಣ ರೂಪ ‘ಸ್ಯಾತ್ ಅಸ್ತಿ ಏವ’. ಸಂಸ್ಕೃತದ ಬಳಕೆಯಲ್ಲಿ ‘ಸ್ಯಾತ್’ ಎಂದರೆ ‘ಇರಬಹುದು’ ಎಂದಾಗುತ್ತದೆ. ಜೈನರ ಪರಿಭಾಷೆಯಲ್ಲಿ ಅದರ ಅರ್ಥ ‘ಒಂದು ಅಪೇಕ್ಷೆಯಿಂದ’. ಆ ಅಪೇಕ್ಷೆ ಯಾವುದೆಂದೂ ಅವರು ಪಟ್ಟಿ ಮಾಡಿದ್ದಾರೆ: ಯಾವ ದ್ರವ್ಯ, ಯಾವ ಕ್ಷೇತ್ರ, ಯಾವ ಕಾಲ, ಯಾವ ಭಾವ. ಈ ನಾಲ್ಕನ್ನು ಗೊತ್ತುಮಾಡಿದ ಮೇಲೆ ಬರುವ ಪದವೇ ‘ಏವ’, ಇದ್ದೇ ಇದೆ. ಅಲ್ಲಿ ಅನುಮಾನಕ್ಕೆ ಎಡೆಯಿಲ್ಲ. ಮಣ್ಣಿನ ಮಡಕೆ ಮಣ್ಣಿನದಾಗಿ, ಈ ಅಂಗಳದಲ್ಲಿ, ಈ ಹೊತ್ತು, ಈ ಆಕಾರದಲ್ಲಿ ಇದ್ದೇ ಇದೆ. ತಾಮ್ರದ್ದಾಗಿ, ಪಕ್ಕದ ಊರಿನಲ್ಲಿ, ಹೋದ ವರ್ಷ, ಹಂಡೆಯ ಆಕಾರದಲ್ಲಿ ಇಲ್ಲವೇ ಇಲ್ಲ. ಒಂದೇ ವಸ್ತುವಿನಲ್ಲಿ ಒಟ್ಟಿಗೆ ಇದೆ, ಇಲ್ಲ ಎಂಬ ವಿರೋಧಗಳು ಕೂಡಲಾರವು ಎಂದು ಶಂಕರರು ಬ್ರಹ್ಮಸೂತ್ರ ಭಾಷ್ಯದಲ್ಲಿ ಜೈನರನ್ನು ಆಕ್ಷೇಪಿಸಿ, ಇಂಥ ಜ್ಞಾನ ಸಂಶಯಕ್ಕಿಂತ ಬೇರೆಯಲ್ಲ ಎಂದರು. ತಾರ್ಕಿಕವಾಗಿ ಅವರ ಮಾತು ಸರಿ, ಗುರಿ ಮಾತ್ರ ತಪ್ಪಿದೆ. ಒಂದೇ ಅಪೇಕ್ಷೆಯಲ್ಲಿ ಎರಡೂ ನಿಜ ಎಂದು ಜೈನರು ಹೇಳಿರಲೇ ಇಲ್ಲ. ಇಂದಿನ ಚರ್ಚಾಪಟುಗಳು ಹೇಳುವುದು ಮಾತ್ರ ಅಕ್ಷರಶಃ ಅದನ್ನೇ. ಅವರು ‘ಸ್ಯಾತ್’ ಅನ್ನು ಇಟ್ಟುಕೊಂಡು ‘ಏವ’ವನ್ನು ಬಿಸಾಡಿದ್ದಾರೆ.

ಈಗ ನೆರೆವಾರ್‌ನ ಬಗ್ಗೆ ಎರಡು ಬಗೆಯ ಪ್ರಶ್ನೆಗಳಿವೆ ಎಂಬುದು ಕಾಣುತ್ತದೆ. ಅವನು ಯಾರು ಎಂಬುದು ಮೊದಲನೆಯದು. ದೇವಾಲಯಕ್ಕೆ ಅವನು ಸಂತ. ಅಲೆಮಾರಿಗಳಿಗೆ ಹಳೆಯ ನಡೆನುಡಿಗೆ ನಿಷ್ಠನಾಗಿ ಉಳಿದವನು. ಕೆಂಪುಬೆಟ್ಟದೊಳಗೆ ಕುದಿಯುತ್ತ ಕೂತ ಆಟದ ಖಳನಾಯಕ ದಾಗೋತ್ ಊರ್‌ಗೆ ಮಾತಿಗೆ ತಪ್ಪಿದ ಗೆಳೆಯ. ಅಜುರಾಳಿಗೆ ತನ್ನ ಕೆಲಸಕ್ಕೆ ಒದಗಿದ ಆಳು. ಕೊಡ, ಕಿರೀಟ, ಚಿನ್ನಗಳ ಹಾಗೆ ಇವೆಲ್ಲ ಒಬ್ಬನಲ್ಲೇ ಇರಬಹುದು, ಇದ್ದವು ಕೂಡ. ಇಲ್ಲಿ ಒಂದನ್ನೇ ಹಿಡಿದು ಉಳಿದದ್ದನ್ನು ಅಲ್ಲಗಳೆದರೆ ಅದು ನಯಾಭಾಸ, ನಯದ ವೇಷ ತೊಟ್ಟ ತಪ್ಪು. ಎರಡನೆಯ ಪ್ರಶ್ನೆ, ಆ ಪೂಜೆಯ ಹೊತ್ತಿನಲ್ಲಿ ಆ ಮೇಣದಬತ್ತಿಯಲ್ಲಿ ವಿಷವಿತ್ತೇ ಎಂಬುದು. ದ್ರವ್ಯ, ಕ್ಷೇತ್ರ, ಕಾಲ, ಭಾವ ನಾಲ್ಕೂ ಇಲ್ಲಿ ಗೊತ್ತಾಗಿವೆ. ಉತ್ತರ ನಮಗೆ ತಿಳಿಯದೆ ಇರಬಹುದು. ಆದರೆ ವಿವೆಕ್‌ನ ಕಡೆಯಿಂದ ನೋಡಿದರೆ ವಿಷವಿಲ್ಲ, ಅಲಾಂಡ್ರೋ ಸುಲ್‌ನ ಕಡೆಯಿಂದ ನೋಡಿದರೆ ವಿಷವಿದೆ ಎನ್ನುವಂತಿಲ್ಲ. ಮೇಣಕ್ಕೆ ಯಾರ ಕಡೆ ಎಂಬುದು ಗೊತ್ತಾಗುವುದಿಲ್ಲ. ಕುರುಡರ ಕಥೆಗೂ ಈ ಮಾತು ಸಲ್ಲುತ್ತದೆ. ಕಂಬ ಎಂದವನು, ಮೊರ ಎಂದವನು, ಹಗ್ಗ ಎಂದವನು, ಎಲ್ಲರೂ ಆನೆಯನ್ನು ಮುಟ್ಟಿದ್ದರು ಮತ್ತು ಮುಟ್ಟಿದ್ದನ್ನೇ ಹೇಳಿದರು. ಆನೆಯನ್ನು ಮುಟ್ಟಿಯೂ, ಗೊತ್ತಿದ್ದೂ ಗೊತ್ತಿದ್ದೂ ಸುಳ್ಳು ಹೇಳಿದವನಿಗೆ ಆ ಕಥೆಯಲ್ಲಿ ಜಾಗವಿಲ್ಲ.

ಸಂಗತಿಗಳೇ ಇಲ್ಲ, ಇರುವುದೆಲ್ಲ ವ್ಯಾಖ್ಯಾನ ಎಂಬ ಅರ್ಥದ ಮಾತನ್ನು ಜರ್ಮನ್ ತತ್ತ್ವಜ್ಞಾನಿ ನೀಚೆ 1880ರ ದಶಕದ ಟಿಪ್ಪಣಿಯೊಂದರಲ್ಲಿ ಬರೆದಿಟ್ಟ. ಅಂದಿನಿಂದ ಅದು ಕಾಲೇಜು ಹುಡುಗರಿಂದ ರಾಜಕಾರಣಿಗಳವರೆಗೆ ಎಲ್ಲರ ಕೈಯಲ್ಲೂ ಓಡಾಡಿದೆ. ನೀಚೆಯ ಅಭಿಮಾನಿಗಳು ಅವನ ಮಾತು ಅಷ್ಟು ಸರಳವಲ್ಲ, ಅವನು ದೂರಿದ್ದು ಸಂಗತಿಯನ್ನೇ ಪೂಜಿಸುವ ಪಾಸಿಟಿವಿಸ್ಟರನ್ನು ಎನ್ನುತ್ತಾರೆ. ಇರಲಿ. ವ್ಯಾಖ್ಯಾನದ ಹಿಂದೆ ಯಾವಾಗಲೂ ಅಧಿಕಾರದ ಹಸಿವಿರುತ್ತದೆ ಎಂದು ತೋರಿಸಿದ್ದು ಅವನ ಹೆಚ್ಚುಗಾರಿಕೆ. ಆದರೆ ಆ ಹಸಿವನ್ನು ಹಿಡಿದುಹಾಕಲು ಬೇಕಾದ ಒಂದೇ ಸಲಕರಣೆಯನ್ನು ಅವನೇ ಕಿತ್ತುಕೊಂಡ. ಮೊರೋವಿಂಡ್‌ನಲ್ಲಿ ನೋಡಿ: ದೇವಾಲಯದ ಬಳಿ ಪುಸ್ತಕಗಳಿವೆ, ಯಾತ್ರಾಸ್ಥಳಗಳಿವೆ, ಆರ್ಡಿನೇಟರ್ ಎಂಬ ಮುಖವಾಡದ ಕಾವಲುಪಡೆಯಿದೆ. ಅಲೆಮಾರಿಗಳ ಬಳಿ ಇರುವುದು ನೆನಪು. ಎಲ್ಲವೂ ವ್ಯಾಖ್ಯಾನವೇ ಆದರೆ ಗೆಲ್ಲುವುದು ಯಾರು ಎಂದು ಕೇಳುವ ಅಗತ್ಯವೇ ಇಲ್ಲ. ಅವರವರ ಸತ್ಯ ಅವರವರಿಗೆ ಎಂಬ ಮಾತು ಮೇಲ್ನೋಟಕ್ಕೆ ಬಡವನ ಪರ. ಒಳಗೆ ಅದು ಹೆಚ್ಚು ಕಾವಲುಗಾರರನ್ನು ಇಟ್ಟುಕೊಂಡವನ ಪರ. ಕೊಲೆಯಾಯಿತು ಎಂದು ಹೇಳುವವನಿಗೆ ಬೇಕಾದದ್ದು ತನ್ನದೊಂದು ಸತ್ಯವಲ್ಲ, ಎದುರಿನವನೂ ತಲೆಬಾಗಬೇಕಾದ ಸತ್ಯ.

ಅಧಿಕಾರಕ್ಕೂ ಇದು ಗೊತ್ತು. ಅಲೆಮಾರಿಗಳ ಕೊಲೆಯ ಕಥೆ ಆಡುವವರ ಕೈಗೆ ಸಿಗುವುದು ದೇವಾಲಯವೇ ಗುಟ್ಟಾಗಿ ಇಟ್ಟುಕೊಂಡ ‘ಅಪೊಗ್ರಫಾ’ ಎಂಬ ಬರಹಗಳ ಸಂಗ್ರಹದಿಂದ. ಹೊರಗೆ ಮೂಢನಂಬಿಕೆ ಎಂದು ಸಾರಿದ್ದನ್ನು ಒಳಗೆ ಜೋಪಾನ ಮಾಡಿದ್ದಾರೆ; ಬರೀ ಮೂಢನಂಬಿಕೆಯಾಗಿದ್ದರೆ ಬೀಗ ಯಾಕೆ? ಇದಕ್ಕಿಂತ ಸೊಗಸಾದದ್ದು ಮೈಕೆಲ್ ಕರ್ಕ್‌ಬ್ರೈಡ್ ಬರೆದ ‘ವಿವೆಕ್‌ನ 36 ಪಾಠ’ಗಳಲ್ಲಿದೆ. ಆಟದೊಳಗೆ ಇವು ವಿವೆಕ್ ತನ್ನನ್ನು ತಾನೇ ಹಾಡಿಹೊಗಳಿಕೊಂಡ ಧರ್ಮಗ್ರಂಥ. 29ನೇ ಪಾಠದಲ್ಲಿ ಸಂಖ್ಯೆಗಳ ಒಂದು ಪಟ್ಟಿಯಿದೆ. ಒಂದೊಂದು ಪಾಠದಿಂದ ಆ ಸಂಖ್ಯೆಯ ಪದವನ್ನು ಎಣಿಸಿ ಆರಿಸಿ ಸಾಲಾಗಿ ಇಟ್ಟರೆ ಒಂದು ತಪ್ಪೊಪ್ಪಿಗೆ ಮೂಡುತ್ತದೆ: ತಾನು ಹುಟ್ಟಿನಿಂದ ದೇವರಲ್ಲ, ವಿಧಿ ಮಾಡಿಸಿದ್ದಲ್ಲ, ಇಷ್ಟಪಟ್ಟೇ ಮಾಡಿದೆ, ದೈವತ್ವ ಕದ್ದೆ, ದಳಪತಿಯನ್ನು ಕೊಂದೆ ಎಂಬ ಅರ್ಥದ ಮಾತು, ಕೊನೆಗೆ ಬರೆದವನು ವಿವೆಕ್ ಎಂಬ ರುಜು. ತನ್ನದೇ ಸತ್ಯ ಕಟ್ಟಿಕೊಳ್ಳಲು ಈ ದೇವರಿಗಿಂತ ಅನುಕೂಲ ಯಾರಿಗಿತ್ತು? ಪ್ರಶ್ನಿಸುವವರು ವಿರಳ, ಪೂಜಿಸುವವರು ಅಸಂಖ್ಯ. ಆದರೂ ಅವನು ಕೂತು ಪದಗಳನ್ನು ಎಣಿಸಿದ. ವ್ಯಾಖ್ಯಾನಗಳ ರಾಶಿಯಡಿ ನಡೆದದ್ದು ನಡೆದಂತೆಯೇ ಉಳಿಯುತ್ತದೆ ಎಂದು ಕೊಂದವನಿಗೇ ಅನ್ನಿಸಿರಬೇಕು.

ಇಲ್ಲಿ ಎರಡು ಆಕ್ಷೇಪಗಳಿಗೆ ಉತ್ತರ ಕೊಡಲೇಬೇಕು. ಕಟ್ಟುಕಥೆಯಲ್ಲಿ ಬರೆದವರು ಹೇಳಿದ್ದರ ಆಚೆಗೆ ಸಂಗತಿ ಎಂಬುದೇ ಇಲ್ಲವಲ್ಲ ಎಂಬುದು ಒಂದು. ನಿಜ, ಮತ್ತು ಈ ವಿಷಯದಲ್ಲಿ ಕಟ್ಟುಕಥೆ ಲೋಕದಿಂದ ಬೇರೆ. ತತ್ತ್ವಜ್ಞಾನಿ ಡೇವಿಡ್ ಲೂಯಿಸ್ 1978ರ ಪ್ರಬಂಧವೊಂದರಲ್ಲಿ ಇದನ್ನು ಬಿಡಿಸಿದ್ದಾನೆ: ಕಥೆ ನಿರ್ಧರಿಸದೆ ಬಿಟ್ಟದ್ದು ಅದರೊಳಗೆ ನಿಜವೂ ಅಲ್ಲ, ಸುಳ್ಳೂ ಅಲ್ಲ. ಆದರೆ ಎರಡೂ ಅಲ್ಲ ಎಂಬುದಕ್ಕೂ ಎರಡೂ ಹೌದು ಎಂಬುದಕ್ಕೂ ಅಜಗಜಾಂತರ. ಹಡಗಿಳಿದ ಕೈದಿ ನಿಜವಾಗಿಯೂ ನೆರೆವಾರ್‌ನ ಮರುಹುಟ್ಟೋ, ಚಕ್ರವರ್ತಿಯ ಗೂಢಚಾರರು ಭವಿಷ್ಯವಾಣಿಗೆ ಹೊಂದಿಸಿ ಕಳಿಸಿದ ಆಳೋ ಎಂಬುದನ್ನು ಆಟ ಬಿಟ್ಟೇಬಿಟ್ಟಿದೆ, ಅಲ್ಲಿ ಉತ್ತರವಿಲ್ಲ. ಈ ಸರಣಿಯಲ್ಲಿ ಕಾಲವೇ ಮುರಿದು ವಿರುದ್ಧ ಘಟನೆಗಳೆಲ್ಲ ಒಟ್ಟಿಗೆ ನಡೆಯುವುದುಂಟು ಎಂಬುದು ಇನ್ನೊಂದು ಆಕ್ಷೇಪ. 1996ರ ‘ಡ್ಯಾಗರ್‌ಫಾಲ್’ ಆಟಕ್ಕೆ ಹಲವು ಮುಕ್ತಾಯಗಳಿದ್ದವು. ಮುಂದಿನ ಆಟ ಬಂದಾಗ ಅವೆಲ್ಲವೂ ನಡೆದವು ಎಂದು ತೀರ್ಮಾನವಾಯಿತು, ಅದಕ್ಕೆ ‘ಡ್ರ್ಯಾಗನ್ ಬ್ರೇಕ್’ ಎಂಬ ವಿವರಣೆ ಸಿದ್ಧವಾಯಿತು. ಒಪ್ಪೋಣ. ಆದರೆ ವಿರುದ್ಧವಾದದ್ದನ್ನು ಒಟ್ಟಿಗೆ ನಿಜ ಮಾಡಲು ಕಾಲವನ್ನೇ ಮುರಿಯಬೇಕಾಯಿತು ಎಂದರೆ, ಮುರಿಯದ ದಿನಗಳಲ್ಲಿ ಹಾಗಾಗುವುದಿಲ್ಲ ಎಂದೇ ಅರ್ಥ. ನಮ್ಮ ಲೋಕದಲ್ಲಂತೂ ಕಾಲ ಮುರಿದ ವರದಿ ಬಂದಿಲ್ಲ.

ಹಾಗಾದರೆ ನೆರೆವಾರ್‌ನನ್ನು ಮೂವರೂ ಸೇರಿ ಕೊಂದರು ಎಂದೇ ತೀರ್ಪೇ? ಅಲೆಮಾರಿಗಳಿಗೂ ದೇವಾಲಯದ ಮೇಲೆ ಹಗೆಯಿದೆ, ಅವರ ಕಥೆಯೂ ಬಾಯಿಂದ ಬಾಯಿಗೆ ಸಾಗಿ ಬಂದದ್ದು, ಸಂಕೇತದ ತಪ್ಪೊಪ್ಪಿಗೆಯೂ ಸುಳ್ಳಿಗೆ ಹೆಸರಾದವನದು. ಆದರೂ ತನ್ನ ಲಾಭಕ್ಕೆ ಹೇಳಿದ ಮಾತಿಗಿಂತ ತನಗೇ ಕುತ್ತಾಗುವ ಮಾತಿಗೆ ತೂಕ ಹೆಚ್ಚು. ಬೀಗ ಹಾಕಿಟ್ಟ ಪ್ರತಿ ಬೀಗ ಹಾಕಿದವನ ವಿರುದ್ಧವೇ ಸಾಕ್ಷಿ ಹೇಳುತ್ತದೆ. ಹೀಗೆ ತೂಗಿ, ಬಹುಮಟ್ಟಿಗೆ ಕೊಲೆಯೇ, ಖಚಿತವಾಗಿ ಗೊತ್ತಿಲ್ಲ ಎನ್ನುವವನು ಅನೇಕಾಂತಿ. ತಕ್ಕಡಿಯನ್ನೇ ಮುಟ್ಟದೆ ಎರಡೂ ಸರಿ ಎನ್ನುವವನು ಅಲ್ಲ. ಮುಂದಿನ ಸಲ ಚರ್ಚೆಯೊಳಗೆ ಆನೆ ಬಂದಾಗ ಅದನ್ನು ಹೊಡೆದೋಡಿಸಬೇಕಿಲ್ಲ. ತಂದವರನ್ನು ಜೈನರ ನಾಲ್ಕು ಪ್ರಶ್ನೆ ಕೇಳಿದರೆ ಸಾಕು: ಯಾವುದರ ಮಾತು, ಎಲ್ಲಿಯದು, ಯಾವಾಗಿನದು, ಯಾವ ಸ್ಥಿತಿಯದು? ನಾಲ್ಕಕ್ಕೂ ಉತ್ತರ ಕೊಟ್ಟವರು ಆಮೇಲೆ ಇದ್ದೇ ಇದೆ ಅಥವಾ ಇಲ್ಲವೇ ಇಲ್ಲ ಎನ್ನಬೇಕಾಗುತ್ತದೆ. ಉತ್ತರ ಕೊಡದವರು ಆನೆಯನ್ನು ಮುಟ್ಟಿದ್ದಾರೋ ಇಲ್ಲವೋ ಎಂದು ಆಗ ವಿಚಾರಿಸಬಹುದು.